ಬಾನೆಟ್ಟಿನ ಮೇಲೆ ಕೈ

ಗಂಡಸೊಬ್ಬ ಜೊತೆಗಿದ್ದರೆ ಒಳ್ಳೆಯದು ಅಂತ
ಲಮಾರಾ ಚಿಕ್ಕಮ್ಮ ಕರೆದೊಯ್ದದ್ದು ನನ್ನನ್ನು,
ಭೂಗೋಳದ ಮೇಷ್ಟ್ರನ್ನು,
ಡೀಸೆಲ್ಲು ಪೆಟ್ರೋಲುಗಳನ್ನು
ಮೂಗಿನಿಂದ ಮಾತ್ರ ಬೇರೆ ಮಾಡಬಲ್ಲವನನ್ನು.

ರುಸ್ತಾವಿಯ ಮೋಟಾರು ಸಂತೆ, ಬೆಳಿಗ್ಗೆ ಏಳು.
ಮಂಜಿನ ಮೈದಾನದಲ್ಲಿ ಸಾಲುಸಾಲು ಹಳೆಯ ವ್ಯಾನು,
ಗಾಜಿನ ಮೇಲೆ ಸೀಮೆಸುಣ್ಣದ ಬೆಲೆ,
ಎಲ್ಲದರ ಮೂತಿಯೂ ರಸ್ತೆಯ ಕಡೆಗೆ.
ನನ್ನ ಕೈಯಲ್ಲಿ ಅವಳು ಹೊರಿಸಿದ ಕ್ರೇಟು:
ಇಪ್ಪತ್ನಾಲ್ಕು ಸೀಸೆ ಟ್ಕೆಮಾಲಿ, ಹುಳಿ ಪ್ಲಮ್ಮಿನ ಗೊಜ್ಜು.
‘ಇಲ್ಲೂ ಮಾರುತ್ತೀಯಾ?’
‘ಇಲ್ಲ. ಇದು ಪರೀಕ್ಷೆಗೆ.’

ಮೊದಲನೆಯದು ಮದುಮಗನ ಬೂಟಿನಂತೆ ಹೊಳೆಯುತ್ತಿತ್ತು.
ಮಾರುವವನು ಕೀಲಿಗೆ ಕೈ ಹಾಕುವ ಮೊದಲೇ
ಚಿಕ್ಕಮ್ಮ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು,
ರೊಟ್ಟಿಯ ಹೆಂಚು ಕಾದಿದೆಯೇ ಅಂತ ನೋಡುವ ಹಾಗೆ.
‘ಬೆಚ್ಚಗಿದೆ. ನಾವು ಬರುವ ಮೊದಲೇ ಎಬ್ಬಿಸಿ
ಮುಖ ತೊಳೆಸಿ ನಿಲ್ಲಿಸಿದ್ದೀಯ.
ಜನವರಿಯಲ್ಲಿ, ಬೆಳಗಿನ ಜಾವ ಐದಕ್ಕೆ,
ನಿನ್ನನ್ನು ಕರೆಸಲೇ ಇದನ್ನು ಎಬ್ಬಿಸೋಕೆ?’

ಎರಡನೆಯದು ದೊಡ್ಡದು. ಒಳಗೆ ನಿಂತರೆ
ನನ್ನ ತಲೆ ತಾಗಲಿಲ್ಲ. ನನಗೆ ತುಂಬ ಹಿಡಿಸಿತು.
‘ನೂರು ಕಿಲೋಮೀಟರಿಗೆ ಎಷ್ಟು ಕುಡಿಯತ್ತೆ?’
‘ಹನ್ನೊಂದು ಲೀಟರ್. ಆದರೆ ಅಕ್ಕ, ಇದರ ಶಕ್ತಿ…’
ಅವಳಾಗಲೇ ಬೆರಳು ಮಡಚುತ್ತಿದ್ದಳು.
ಲೀಟರಿಗೆ ಮೂರು ಲರಿ. ಸೀಸೆಗೆ ಉಳಿಯುವುದು ಅರ್ಧ ಲರಿ.
ಹನ್ನೊಂದು ಕುಡಿಯುವುದಕ್ಕೆ ಅರವತ್ತಾರು ಸೀಸೆ,
ಏಳು ಕುಡಿಯುವುದಕ್ಕೆ ನಲವತ್ತೆರಡು.
ನನ್ನ ತೋಳು ಜೋತುಬೀಳುತ್ತಿತ್ತು.
‘ವ್ಯತ್ಯಾಸ ಎಷ್ಟು, ಮೇಷ್ಟ್ರೇ?’
ಕ್ರೇಟು ನೋಡಿದೆ. ಇಪ್ಪತ್ನಾಲ್ಕು.
‘ನೂರು ಕಿಲೋಮೀಟರಿಗೊಮ್ಮೆ
ಅದನ್ನು ರಸ್ತೆಗೆ ಸುರಿಯಬೇಕು. ನಡಿ.’

ಮೂರನೆಯದು ಕೊನೆಯ ಸಾಲಿನ ಮೂಲೆಯಲ್ಲಿ.
ಬಾಗಿಲ ಅಂಚಿಗೆ ತುಕ್ಕು,
ಪಕ್ಕೆಗೆ ಜರ್ಮನ್ ಅಕ್ಷರ: ಹೆಡ್ವಿಗ್ ಬ್ರಾಂಡೌ, ಹೂವಿನಂಗಡಿ,
ಅರ್ಧ ಕೆರೆದ ಫೋನ್ ನಂಬರು.
ಒಡೆಯ ಬಾದ್ರಿ ಬಕೆಟ್ಟು ಬೋರಲು ಹಾಕಿ ಕೂತು
ಸೂರ್ಯಕಾಂತಿ ಬೀಜ ಒಡೆಯುತ್ತಿದ್ದ, ಎದ್ದೂ ನಿಲ್ಲಲಿಲ್ಲ.
ಬಾನೆಟ್ಟು ಹೊಳೆಯ ಕಲ್ಲಿನಷ್ಟು ತಣ್ಣಗೆ.
ಚಿಕ್ಕಮ್ಮ ರಟ್ಟು ಹಾಸಿ, ಐವತ್ತೆಂಟರ ಬೆನ್ನನ್ನು ಅದರಡಿ ತೂರಿಸಿ,
ಸೌಟಿನ ಹಿಡಿಯಿಂದ ಕುಟ್ಟುತ್ತ ಹೋದಳು:
ಠಣ್, ಠಣ್, ಠಣ್,
ಒಂದು ಕಡೆ ದೊಬ್. ಮತ್ತೆ ಠಣ್.
ಅವಳಪ್ಪ ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಿದ್ದನಂತೆ,
ಬಾಲ ಹಿಡಿದು ಎಳೆಯುತ್ತಿದ್ದನಂತೆ,
ಮಾರುವವನ ಮಾತು ಮಾತ್ರ ಕೇಳುತ್ತಿರಲಿಲ್ಲವಂತೆ.

ಕೀಲಿ ತಿರುಗಿತು. ಕೆಮ್ಮಿತು.
ಮತ್ತೆ ಕೆಮ್ಮಿತು.
ಮೂರನೆಯ ಸಲಕ್ಕೆ ಹಿಡಿಯಿತು, ಬಿಡಲಿಲ್ಲ.
‘ಇದಕ್ಕೆ ನಾಟಕ ಬರಲ್ಲ,’ ಅಂದಳು ಸಮಾಧಾನದಿಂದ.

ಉಕ್ಕಿನ ಕಾರ್ಖಾನೆ ಹಿಂದಿನ ಗುಂಡಿರಸ್ತೆ.
ಸ್ಟಿಯರಿಂಗಿಗೆ ಅವಳು, ಹಿಂದೆ ಬರಿನೆಲದಲ್ಲಿ ನಾನು, ಕ್ರೇಟಿನ ಪಕ್ಕ.
‘ಹಿಡ್ಕೋಬೇಡ. ಸುಮ್ಮನೆ ಕೇಳ್ತಾ ಇರು.’
ಸೀಸೆಗಳು ಒಂದಕ್ಕೊಂದು ತಾಗಿ ಪಿಸುಗುಟ್ಟಿದವು,
ರೈಲುಹಳಿಯ ಹತ್ತಿರ ಕೊಂಚ ಜಗಳವಾಡಿದವು,
ಆಮೇಲೆ ಒಂದೇ ಒಂದು, ಟಪ್.
‘ಎಷ್ಟು?’
‘ಒಂದು.’
‘ಬರೀ ಒಂದಾ?’ ಹಾಡು ಗುನುಗಿಕೊಂಡಳು.

ಬಾದ್ರಿಯ ಮುಂದೆ ಮಾತ್ರ ಮುಖ ಸಣ್ಣಗೆ ಮಾಡಿ
ನನ್ನ ಪ್ಯಾಂಟು ತೋರಿಸಿದಳು: ಸೊಂಟದಿಂದ ಮೊಣಕಾಲಿಗೆ ಕೆಂಪು ಗೊಜ್ಜು,
ಯುದ್ಧದಿಂದ ಬಂದವನ ಹಾಗಿದ್ದೆ.
‘ನೋಡು ಹುಡುಗನನ್ನ! ಇದೇನು ಗಾಡಿಯಾ, ಕುದುರೆಯಾ?’
ಬೀಜ ಉಗುಳಿ ಇನ್ನೂರು ಲರಿ ಇಳಿಸಿದ.
ಗಂಡಸೊಬ್ಬ ಜೊತೆಗಿದ್ದದ್ದಕ್ಕೆ ಅಷ್ಟಾಯಿತು.

ಬಣ್ಣಕ್ಕೆ ನಾನೂರು ಕೇಳಿದರು, ಹೊಡೆಸಲಿಲ್ಲ.
ಈಗ ಗೋರಿಯ ಅಂಗಡಿಗಳಲ್ಲಿ ‘ಹೆಡ್ವಿಗ್ ಬಂದಳು’ ಅನ್ನುತ್ತಾರೆ,
ಅವಳೂ ಓಗೊಡುತ್ತಾಳೆ.
ಮಾರ್ಚಿಯಲ್ಲಿ ಯಾರೋ ಟುಲಿಪ್ ಕೇಳಿದರಂತೆ;
ಮುಂದಿನ ವರ್ಷಕ್ಕೆ ವಿಚಾರಿಸುತ್ತಿದ್ದಾಳೆ.

ನನ್ನ ಕಿಟಕಿಯ ಕೆಳಗೇ ನಿಲ್ಲಿಸುತ್ತಾಳೆ.
ಹೊರಗೆ ಹಿಮ, ಐದು ಗಂಟೆ.
ಕೆಮ್ಮು. ಇನ್ನೊಂದು ಕೆಮ್ಮು.
ಹೊದಿಕೆಯೊಳಗೆ ಉಸಿರು ಹಿಡಿದು ಕಾಯುತ್ತೇನೆ.